ಆಲ್ಫ್ರೆಡ್ ವೆರ್ನರ್: ವಿದ್ವತ್ತಿನ ಅಳತೆಗೋಲು

ವಿದ್ವಾಂಸನೊಬ್ಬನ ಯೋಗ್ಯತೆಗೆ ಬೆಲೆ ಕಟ್ಟುವ ಬಗೆ ಯಾವುದು? ಅವನ ಲೇಖನಗಳನ್ನು ಇತರ ವಿದ್ವಾಂಸರು ಎಷ್ಟು ಸಲ ಉಲ್ಲೇಖಿಸಿರುವರೆಂದು ಎಣಿಸಿ ನೋಡುವ ಪದ್ಧತಿಯು, 1964ರಲ್ಲಿ ಅಮೆರಿಕೆಯ ಯೂಜೀನ್ ಗಾರ್ಫೀಲ್ಡನು ವಿಜ್ಞಾನಲೇಖನಗಳ ಉಲ್ಲೇಖಸೂಚಿಯನ್ನು ಪ್ರಕಟಿಸಿದ ತರುವಾಯ ವಿಶ್ವವಿದ್ಯಾನಿಲಯಗಳಲ್ಲಿ ಬೇರೂರಿತು. ನೇಮಕ, ಬಡ್ತಿ, ಧನಸಹಾಯಗಳನ್ನು ಸಹ ಈ ಲೆಕ್ಕವನ್ನು ನೋಡಿ ನಿರ್ಣಯಿಸುವವರುಂಟು. ಅಂಥವರು ಆಲ್ಫ್ರೆಡ್ ವೆರ್ನರನ ಚರಿತ್ರೆಯನ್ನು ಒಮ್ಮೆ ಪರ್ಯಾಲೋಚಿಸಬೇಕೆಂದು ನಾವು ಬಯಸುತ್ತೇವೆ.

ವೆರ್ನರನು 1866ನೆಯ ಇಸವಿ ಡಿಸೆಂಬರ್ 12ರಂದು ಆಲ್ಸೇಸ್ ಸೀಮೆಯ ಮುಲ್‌ಹೌಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಕಾರ್ಖಾನೆಯ ಕೆಲಸಗಾರನು. 1871ರಲ್ಲಿ ಆ ಸೀಮೆಯು ಫ್ರಾನ್ಸಿನ ಕೈತಪ್ಪಿ ಜರ್ಮನಿಯ ವಶವಾಯಿತು. ಮನೆಯ ಮಾತು ಫ್ರೆಂಚ್ ಆಗಿದ್ದರೂ ಈತನು ತನ್ನ ಮುಖ್ಯ ಲೇಖನಗಳನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ವ್ಯಾಸಂಗ ಮಾಡಿ, 1890ರಲ್ಲಿ ಹಾನ್‌ಷ್ ಎಂಬ ಆಚಾರ್ಯನ ಕೈಕೆಳಗೆ ಡಾಕ್ಟರ್ ಪದವಿಯನ್ನು ಪಡೆದನು.

ಆ ಕಾಲದ ರಸಾಯನಶಾಸ್ತ್ರಜ್ಞರನ್ನು ಒಂದು ಒಗಟು ಕಾಡುತ್ತಿತ್ತು. ಕೋಬಾಲ್ಟ್ ಲೋಹದ ಕ್ಲೋರೈಡಿನೊಡನೆ ಅಮೋನಿಯಾ ಸೇರಿದರೆ ಬಣ್ಣಬಣ್ಣದ ಲವಣಗಳು ಹುಟ್ಟುತ್ತವೆ. ಆರು ಭಾಗ ಅಮೋನಿಯಾ ಇರುವ ಹಳದಿ ಲವಣದ ದ್ರಾವಣಕ್ಕೆ ಬೆಳ್ಳಿಯ ನೈಟ್ರೇಟನ್ನು ಹಾಕಿದರೆ ಅದರ ಮೂರು ಕ್ಲೋರಿನ್ನುಗಳೂ ಒಡನೆಯೇ ಬೆಳ್ಳಿಯೊಡನೆ ಕೂಡಿ ತಳಕ್ಕಿಳಿಯುತ್ತವೆ. ಅಮೋನಿಯಾ ಐದೇ ಭಾಗವಾದರೆ ಎರಡು ಮಾತ್ರ ಇಳಿಯುತ್ತವೆ. ಇದೇಕೆ? ಅಮೋನಿಯಾವು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದೆಂಬುದು ಕೋಪನ್‌ಹೇಗನ್ನಿನ ಯೋರ್ಗೆನ್‌ಸೆನ್ ಪಂಡಿತನ ಪಕ್ಷ. ವೆರ್ನರನು 1893ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಈ ಲವಣಗಳ ಮೇಲೆ ತಾನೇ ಪ್ರಯೋಗ ನಡೆಸದೆ, ಬಹುಮಟ್ಟಿಗೆ ಅದೇ ಯೋರ್ಗೆನ್‌ಸೆನ್ನನ ಪ್ರಯೋಗಫಲಗಳನ್ನೇ ಆಧರಿಸಿ ಬೇರೊಂದು ಸಿದ್ಧಾಂತವನ್ನು ಮಂಡಿಸಿದನು. ಕೋಬಾಲ್ಟ್ ಪರಮಾಣುವಿನ ಸುತ್ತಲೂ, ಅಷ್ಟಮುಖಿಯ ಆರು ಮೂಲೆಗಳಂತೆ, ಆರು ಸ್ಥಾನಗಳುಂಟು. ಆ ಸ್ಥಾನದಲ್ಲಿ ಕುಳಿತ ಕ್ಲೋರಿನ್ ಸುಲಭವಾಗಿ ಕದಲದು, ಹೊರಗಿರುವುದು ಮಾತ್ರ ಬೆಳ್ಳಿಗೆ ಸಿಕ್ಕುವುದು. ಒಂದು ಅಮೋನಿಯಾ ಸ್ಥಾನ ಬಿಟ್ಟರೆ ಒಂದು ಕ್ಲೋರಿನ್ ಒಳಹೊಗುವುದು. ಆ ಮೇಲೆ ಮಿಯೊಲಾಟಿ ಎಂಬ ಮಿತ್ರನೊಡನೆ ಈ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಅಳೆದಾಗ ಈ ಲೆಕ್ಕಕ್ಕೆ ಬೆಂಬಲ ದೊರೆಯಿತು.

ಆದರೂ ವಿದ್ವಲ್ಲೋಕವು ಒಡನೆಯೇ ತಲೆದೂಗಲಿಲ್ಲ. ಈ ಸಿದ್ಧಾಂತದಂತೆ ನಾಲ್ಕು ಅಮೋನಿಯಾ, ಎರಡು ಕ್ಲೋರಿನ್ ಒಳಗಿರುವ ಲವಣಕ್ಕೆ ಎರಡು ರೂಪಗಳಿರಬೇಕು. ಹಸಿರು ರೂಪವು ತಿಳಿದಿತ್ತು. ಇನ್ನೊಂದು ಎಲ್ಲಿಯೂ ಕಾಣದು. ಕಾಣದಿರುವುದೇ ಎದುರಾಳಿಗೆ ಆಯುಧವಾಯಿತು. ಹದಿನಾಲ್ಕು ವರ್ಷಗಳ ತರುವಾಯ, 1907ರಲ್ಲಿ, ವೆರ್ನರನು ಆ ನೇರಿಳೆಬಣ್ಣದ ಲವಣವನ್ನು ತಯಾರಿಸಿ ತೋರಿಸಿದನು. ಯೋರ್ಗೆನ್‌ಸೆನ್ನನು ಹಟವನ್ನು ಬಿಟ್ಟು ಸೋಲನ್ನೊಪ್ಪಿಕೊಂಡನು. ಗೆದ್ದವನಿಗೆ ಎಷ್ಟು ಗೌರವವೋ ಹೀಗೆ ಸತ್ಯಕ್ಕೆ ಮಣಿದವನಿಗೂ ಅಷ್ಟೇ ಗೌರವವು ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ. 1911ರಲ್ಲಿ ವೆರ್ನರನು ಕಿಂಗ್ ಎಂಬ ಅಮೆರಿಕನ್ ಶಿಷ್ಯನ ನೆರವಿನಿಂದ, ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಕೋಬಾಲ್ಟ್ ಲವಣಗಳನ್ನು ಬೇರ್ಪಡಿಸಿ, ತನ್ನ ಅಷ್ಟಮುಖಿಯನ್ನು ನಿಸ್ಸಂದೇಹವಾಗಿ ಸ್ಥಾಪಿಸಿದನು. 1913ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆದರೆ ದೇಹವು ಬೇಗನೆ ಜರ್ಝರಿತವಾಗಿ, 1919ನೆಯ ನವೆಂಬರ್ 15ರಂದು, ಐವತ್ತಮೂರು ತುಂಬುವ ಮೊದಲೇ, ಜ್ಯೂರಿಕ್ಕಿನಲ್ಲಿ ತೀರಿಕೊಂಡನು.

ವೆರ್ನರನು ತೋರಿಸಿದ ಬಗೆಯ ಜೋಡಣೆಯು ರಕ್ತದ ಕಬ್ಬಿಣದಲ್ಲಿಯೂ ಎಲೆಯ ಹಸಿರಿನ ಮೆಗ್ನೀಸಿಯಮ್ಮಿನಲ್ಲಿಯೂ ಉಂಟು. 1893ರ ಅದೇ ಲೇಖನದಲ್ಲಿ ಆತನು ರಚನೆಯನ್ನು ವಿವರಿಸಿದ ಪ್ಲಾಟಿನಮ್ ಲವಣವೊಂದು ಜೀವಕೋಶಗಳ ವಿಭಜನೆಯನ್ನು ತಡೆಯುವುದೆಂದು 1965ರಲ್ಲಿ ರೋಸೆನ್‌ಬರ್ಗನು ಕಂಡುಹಿಡಿದನು. 1978ರಲ್ಲಿ ಅದು ಅಮೆರಿಕೆಯಲ್ಲಿ ಅರ್ಬುದರೋಗದ ಔಷಧವಾಗಿ ಅಂಗೀಕೃತವಾಯಿತು. ಹೀಗಿದ್ದರೂ, ಅಂಥ ಲವಣಗಳ ಮೇಲೆ ಇಂದು ಕೆಲಸ ಮಾಡುವವರೆಲ್ಲರೂ ವೆರ್ನರನ ಮೂಲಲೇಖನವನ್ನು ಉಲ್ಲೇಖಿಸುವುದಿಲ್ಲ. ಪಾಠಪುಸ್ತಕದ ಮೊದಲ ಪಾಠವಾದ ಸಂಗತಿಗೆ ಸಾಕ್ಷಿಯನ್ನು ಕೇಳುವವರಾರು?

ಎಣಿಕೆಯು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಆದರೆ ಅಸ್ತಿವಾರದ ಕಲ್ಲು ಕಣ್ಣಿಗೆ ಬೀಳದು. ವಿದ್ಯಾಸಂಸ್ಥೆಗಳ ಅಧಿಕಾರಿಗಳು ಅಂಕಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ತರುಣ ವಿದ್ವಾಂಸರನ್ನು ತೂಗುವಾಗ, ಹದಿನಾಲ್ಕು ವರ್ಷ ಒಂದು ನೇರಿಳೆ ಲವಣಕ್ಕಾಗಿ ಕಾದವನನ್ನು ನೆನೆಯಲಿ. ಅಂಥವನಿಗೆ ಕಾಯುವ ಅವಕಾಶವನ್ನು ಕೊಡುವುದೇ ಅವರ ಮೊದಲ ಕರ್ತವ್ಯ.