ಗಣಿತ ಕಲಿತರೆ ಬುದ್ಧಿ ಎಲ್ಲದರಲ್ಲೂ ಚುರುಕಾಗುತ್ತದೆಯೇ? ಪರೀಕ್ಷಿಸಿ ನೋಡಿದ ಥಾರ್ನ್‌ಡೈಕ್ ಕಥೆ

ಲೆಕ್ಕ ಮಾಡಿಸಿದರೆ ಮಗುವಿನ ಬುದ್ಧಿ ಎಲ್ಲ ವಿಷಯದಲ್ಲೂ ಚುರುಕಾಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಈ ನಂಬಿಕೆ ನೂರು ವರ್ಷಕ್ಕೂ ಹಳೆಯದು. ಇದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. ಬಿ.ಎಡ್. ಓದಿದವರಿಗೆ ಇವರು ಪೆಟ್ಟಿಗೆಯೊಳಗಿನ ಬೆಕ್ಕಿನ ಪ್ರಯೋಗದಿಂದ ಪರಿಚಿತರು.

ಥಾರ್ನ್‌ಡೈಕ್ ಹುಟ್ಟಿದ್ದು 1874ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ತಂದೆ ಪಾದ್ರಿ. ಹಾರ್ವರ್ಡ್‌ನಲ್ಲಿ ಓದುವಾಗ ಕೋಳಿಮರಿಗಳ ಮೇಲೆ ಪ್ರಯೋಗ ಮಾಡಲು ಜಾಗ ಸಿಗಲಿಲ್ಲ. ಗುರು ವಿಲಿಯಂ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟರು. 1898ರಲ್ಲಿ ಕೊಲಂಬಿಯಾದಲ್ಲಿ ಡಾಕ್ಟರೇಟ್ ಪಡೆದ ಅವರು, ಮರುವರ್ಷ ಅಲ್ಲಿನ ಟೀಚರ್ಸ್ ಕಾಲೇಜು ಸೇರಿ ಸುಮಾರು ನಾಲ್ಕು ದಶಕ ಅಲ್ಲೇ ದುಡಿದರು.

1901ರಲ್ಲಿ ರಾಬರ್ಟ್ ವುಡ್‌ವರ್ತ್ ಜೊತೆ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಆಯತಗಳ ವಿಸ್ತೀರ್ಣವನ್ನು ಕಣ್ಣಳತೆಯಲ್ಲೇ ಹೇಳುವ ಅಭ್ಯಾಸವನ್ನು ಕೆಲವರಿಗೆ ಮಾಡಿಸಿದರು. ಆಯತದಲ್ಲಿ ಪಳಗಿದವರು ಬೇರೆ ಆಕೃತಿ ಬಂದಾಗ ಅಷ್ಟು ಸುಧಾರಿಸಿರಲಿಲ್ಲ. ಎರಡು ಕೆಲಸಗಳಲ್ಲಿ ಸಮಾನ ಅಂಶಗಳಿದ್ದಷ್ಟೇ ಒಂದರ ಕಲಿಕೆ ಇನ್ನೊಂದಕ್ಕೆ ನೆರವಾಗುತ್ತದೆ ಎಂದು ಅವರು ವಾದಿಸಿದರು.

ಆದರೆ ಶಾಲೆಯಲ್ಲಿ? ರೇಖಾಗಣಿತ, ಲ್ಯಾಟಿನ್ ಓದಿದವರು ಹೆಚ್ಚು ಜಾಣರಾಗಿ ಕಾಣುತ್ತಿದ್ದರು. ಇಲ್ಲೊಂದು ತೊಡಕಿದೆ. ಆ ವಿಷಯಗಳನ್ನು ಆರಿಸಿಕೊಳ್ಳುತ್ತಿದ್ದವರೇ ಮೊದಲಿನಿಂದ ಜಾಣರಾಗಿದ್ದರೆ? ಹಾಗಾಗಿ ವರ್ಷದ ಕೊನೆಯ ಅಂಕವನ್ನಷ್ಟೇ ನೋಡಿದರೆ ಸಾಲದು. 1924ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು 8,000ಕ್ಕೂ ಹೆಚ್ಚು ಹೈಸ್ಕೂಲ್ ವಿದ್ಯಾರ್ಥಿಗಳನ್ನು ವರ್ಷದ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ, ಯಾವ ವಿಷಯ ಓದಿದವರು ಎಷ್ಟು ಮುಂದೆ ಬಂದರು ಎಂದು ಹೋಲಿಸಿದರು. ವಿಷಯದಿಂದ ವಿಷಯಕ್ಕೆ ವ್ಯತ್ಯಾಸ ಕಡಿಮೆಯಿತ್ತು. ಮೊದಲೇ ಮುಂದಿದ್ದವರೇ ಹೆಚ್ಚು ಮುಂದೆ ಹೋಗಿದ್ದರು.

ಹಾಗಾದರೆ ಗಣಿತ ವ್ಯರ್ಥವೇ? ಖಂಡಿತ ಅಲ್ಲ. ಗಣಿತ ಕಲಿಯಲು ಗಣಿತವೇ ಬೇಕು. ಸಾಲದ ಬಡ್ಡಿಯಿಂದ ಎಂಜಿನಿಯರಿಂಗ್‌ವರೆಗೆ ಅದು ಬೇಕೇ ಬೇಕು. ಮೆದುಳಿನ ಟಾನಿಕ್ ಎಂದು ಅದನ್ನು ಮಾರುವುದಷ್ಟೇ ತಪ್ಪು.

ಥಾರ್ನ್‌ಡೈಕ್ ಹೇಳಿದ್ದೆಲ್ಲ ಸರಿಯಲ್ಲ. ಬುದ್ಧಿ ಬಹುಪಾಲು ರಕ್ತದಿಂದಲೇ ಬರುತ್ತದೆ ಎಂದು ನಂಬಿ, ಉತ್ತಮ ಸಂತತಿಯನ್ನು ಆರಿಸಿ ಬೆಳೆಸಬೇಕೆಂಬ ಯೂಜೆನಿಕ್ಸ್ ವಾದವನ್ನು ಅವರು ಬೆಂಬಲಿಸಿದ್ದರು. 1949ರಲ್ಲಿ ತೀರಿಕೊಂಡ ಅವರ ಹೆಸರನ್ನು 2020ರಲ್ಲಿ ಟೀಚರ್ಸ್ ಕಾಲೇಜು ತನ್ನ ಕಟ್ಟಡದಿಂದ ತೆಗೆದುಹಾಕಿತು.

ಆದರೂ ಅವರ ಅಧ್ಯಯನದ ವಿಧಾನದಿಂದ ಕಲಿಯುವುದಿದೆ. ಗಣಿತ ಬೋಧನೆಯ ಬಗ್ಗೆ ಪ್ರಾಜೆಕ್ಟ್ ಮಾಡಹೊರಟ ಪದವಿ ವಿದ್ಯಾರ್ಥಿಗಳು ಮೊದಲು ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಲಿ: ಮಕ್ಕಳು ಆರಂಭದಲ್ಲಿ ಎಲ್ಲಿದ್ದರು? ಯಾರ ಜೊತೆ ಹೋಲಿಸುತ್ತಿದ್ದೇವೆ? ಆ ಗುಂಪಿಗೆ ಅವರು ಬಂದದ್ದು ಹೇಗೆ? ಕೋಚಿಂಗ್ ಜಾಹೀರಾತು ಫಾರ್ವರ್ಡ್ ಮಾಡುವ ಮುನ್ನ ನೀವೂ ಇದನ್ನೇ ಕೇಳಿ.