ಸ್ಕಿಪ್ ಮಾಡಲಾಗದ ಟೈಟಲ್

ನಾವೊಂದಿಷ್ಟು ಜನ ಸೇರಿ ಮೂರು ನಿಮಿಷದ ಆನಿಮೇಷನ್ ಮಾಡಿದ್ವಿ. ರಾಗಿಗುಡ್ಡದ ರೂಮಲ್ಲಿ ಗೆಳೆಯರಿಗೆ ತೋರಿಸಿದರೆ, ಟೈಟಲ್ ಮುಗಿಯೋಕೆ ಮುಂಚೆಯೇ ಒಬ್ಬ ಮುಂದಕ್ಕೆ ಓಡಿಸಿಬಿಟ್ಟ. ತಪ್ಪು ಅವನದಲ್ಲ. ಬೆಂಕಿ ಹತ್ತಿದ ಅಕ್ಷರ, ಎದೆ ನಡುಗಿಸೋ ಡ್ರಮ್ಸು. ಕತೆ ಮಾತ್ರ ಅಜ್ಜಿ ಮತ್ತು ಬೆಕ್ಕಿನದು! ಆಗ ನಮಗೆ ನೆನಪಾದವರು ಶಂಕರ್ ನಾಗ್.

1954ರ ನವೆಂಬರ್ 9ರಂದು ಹುಟ್ಟಿದ ಶಂಕರ್, ಉತ್ತರ ಕನ್ನಡದ ಹುಡುಗ. ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಅವರನ್ನು ಕನ್ನಡ ಸಿನಿಮಾಕ್ಕೆ ಕರೆತಂತು. 'ಆಟೋ ರಾಜ' ಆದಮೇಲಂತೂ ಆಟೋದವರಿಗೆ ಅವರು ಮನೆಮಗ. 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್' ನಿರ್ದೇಶಿಸಿದರು, ನಾಟಕ ಆಡಿಸಿದರು, ಬೆಂಗಳೂರಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು.

ನಮ್ಮ ಜಿಲ್ಲೆಗೆ ಅವರು ಬಂದದ್ದು 'ಮಾಲ್ಗುಡಿ ಡೇಸ್' ತೆಗೆಯೋಕೆ. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ತೀರ್ಥಹಳ್ಳಿ ಆಚೆಯ ಆಗುಂಬೆಯನ್ನು ಶಂಕರ್ ಆ ಊರು ಮಾಡಿದರು. ಆದರೆ ನೋಡೋರನ್ನ ಮೊದಲು ಊರೊಳಗೆ ಕರ್ಕೊಂಡು ಹೋಗೋದು ಆಗುಂಬೆಯಲ್ಲ, ಟೈಟಲ್ಲು. ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ ಸಂಗೀತದಲ್ಲಿ ಮಾತೇ ಇಲ್ಲದ ಒಂದು ಗುನುಗು. ಅಷ್ಟೇ. ಇದನ್ನ ಆನಿಮೇಷನ್ ಅನ್ನೋಕೂ ಆಗಲ್ಲ ಬಿಡಿ. ಆದರೂ ಇದು ಕಲ್ಪನೆಯ ಊರು ಅಂತ ಗೆರೆಗಳೇ ಹೇಳಿಬಿಡ್ತವೆ. ಇಲ್ಲಿ ಯಾರಿಗೂ ಅವಸರ ಇಲ್ಲ ಅಂತ ರಾಗ ಹೇಳತ್ತೆ. ಸಾಹಿತ್ಯ ಇಲ್ಲದ್ದರಿಂದ ಭಾಷೆಯ ಗೋಡೆಯೂ ಇಲ್ಲ. ಹಿಂದಿ ಬಾರದ ನಮ್ಮ ಅಜ್ಜಿಯಂದಿರೂ ಅದು ಕೇಳಿದ ತಕ್ಷಣ ಅಡುಗೆಮನೆ ಬಿಟ್ಟು ಟಿವಿ ಮುಂದೆ ಬಂದು ಕೂರ್ತಿದ್ರು.

ಪಿಕ್ಸಾರ್‌ನವರು 2001ರ 'ಮಾನ್‌ಸ್ಟರ್ಸ್, ಇಂಕ್.' ಟೈಟಲ್ಲಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಇಡೀ ಚಿತ್ರ ತ್ರೀಡಿ, ಟೈಟಲ್ ಮಾತ್ರ ಬಣ್ಣದ ಕಾಗದ ಕತ್ತರಿಸಿದಂಥ ಚಪ್ಪಟೆ ಬಾಗಿಲುಗಳು, ಮೇಲೆ ರಾಂಡಿ ನ್ಯೂಮನ್ ಅವರ ತುಂಟ ಜಾಝ್. ಹೆಸರಲ್ಲಿ ರಾಕ್ಷಸರಿದ್ದರೂ ಹೆದರೋ ಚಿತ್ರ ಅಲ್ಲ ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಗತ್ತೆ.

ಶಂಕರ್ ಚಿತ್ರ ಬರೆದವರಲ್ಲ, ರಾಗ ಹಾಕಿದವರೂ ಅಲ್ಲ. ಆ ಎರಡನ್ನೂ ಅಡ್ಡ ಬರದೆ ಅಕ್ಕಪಕ್ಕ ಇರಲು ಬಿಟ್ಟ ನಿರ್ದೇಶಕ. ಅಷ್ಟೊಂದು ಓಡಾಡುವ ಮನುಷ್ಯ ಇಷ್ಟು ನಿಧಾನದ ಸರಣಿ ಮಾಡಿದ್ದೇ ನಮಗೆ ಆಶ್ಚರ್ಯ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಕಾರು ಅಪಘಾತದಲ್ಲಿ ತೀರಿಹೋದರು. ಮೂವತ್ತಾರು ತುಂಬಿರಲಿಲ್ಲ.

ಸರಣಿಯಲ್ಲಿ ಕಾಣುವ ಅರಸಾಳು ರೈಲ್ವೆ ಸ್ಟೇಷನ್ನಿನ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೋಗೋ ರೈಲು ಹತ್ತಿದರೆ ಸಾಕು. ಬೆಂಕಿ ಅಕ್ಷರ ಆಗಲೇ ಅಳಿಸಿದ್ದೀವಿ. ಅಜ್ಜಿಯ ಹೊಸ ಟೈಟಲ್ಲಿಗೆ ಪೆನ್ಸಿಲ್ ಹಿಡಿಯೋ ಮುಂಚೆ ಒಂದು ಭಾನುವಾರ ಅಲ್ಲಿಗೆ ಹೋಗಿಬರೋಣ ಅಂತಿದ್ದೀವಿ. ಬರೋರು ಹೆಸರು ಕೊಡಿ. ಗುನುಗೋಕೆ ಬರೋರು ಇದ್ದರೆ ಇನ್ನೂ ಒಳ್ಳೇದು.