ನರದ ದೂತನನ್ನು ಕಂಡ ಆಟೋ ಲೋವಿ

ವಿಜ್ಞಾನಿಯ ಜೀವನಚರಿತ್ರೆಯೆಂದರೆ, ಅದು ನಮಗಲ್ಲವೆಂದು ಕಲಾವಿಭಾಗದ ವಿದ್ಯಾರ್ಥಿಗಳಾದ ನಾವು ಪುಟ ಮಗುಚಿಬಿಡುವುದುಂಟು. ಆದರೆ ನಾನು ಇಲ್ಲಿ ಪರಿಚಯಿಸಬೇಕೆಂದಿರುವ ಆಟೋ ಲೋವಿಯವರು ಒಂದು ರೀತಿಯಲ್ಲಿ ನಮ್ಮ ಕಡೆಯವರೇ. ಕಲೆಯ ಇತಿಹಾಸವನ್ನು ಓದಬೇಕೆಂಬುದು ಅವರ ತಾರುಣ್ಯದ ಹಂಬಲವಾಗಿತ್ತು. ಮನೆಯವರ ಮಾತಿಗೆ ಮಣಿದು ವೈದ್ಯಶಾಸ್ತ್ರವನ್ನು ಹಿಡಿದ ಈ ಮಹನೀಯರು, ನರಗಳು ದೇಹದ ಅಂಗಗಳಿಗೆ ಅಪ್ಪಣೆ ಮುಟ್ಟಿಸುವ ಬಗೆಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಕರುಳಿನ ಉರಿಯೂತದಂತಹ ಹಟಮಾರಿ ರೋಗದ ವಿಚಾರದಲ್ಲಿ ಇಂದಿನ ವೈದ್ಯರು ಹುಡುಕುತ್ತಿರುವ ಹಾದಿಗಳಲ್ಲಿ ಒಂದು, ಅವರ ಪ್ರಯೋಗಶಾಲೆಯಿಂದಲೇ ಹೊರಟದ್ದು.

ಲೋವಿಯವರು 1873ನೆಯ ಇಸವಿ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಯಹೂದಿ ಮನೆತನದಲ್ಲಿ ಜನಿಸಿದರು. ತಂದೆ ದ್ರಾಕ್ಷಾಮದ್ಯದ ವರ್ತಕರು. ಹುಡುಗನಿಗೆ ಭಾಷೆಗಳೆಂದರೆ ಪ್ರೀತಿ. ಗಣಿತ, ಭೌತಶಾಸ್ತ್ರಗಳೆಂದರೆ ಅಷ್ಟಕ್ಕಷ್ಟೆ. 1891ರಲ್ಲಿ ಸ್ಟ್ರಾಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ವಿದ್ಯಾರ್ಥಿಯಾಗಿ ಸೇರಿದರೂ ಅವರ ಕಾಲು ಎಳೆಯುತ್ತಿದ್ದುದು ತತ್ತ್ವಶಾಸ್ತ್ರದ ಉಪನ್ಯಾಸಗಳ ಕಡೆಗೇ. ಮೊದಲನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಹೇಗೋ ಪಾರಾದರು. 1896ರಲ್ಲಿ ವೈದ್ಯ ಪದವಿ ದೊರೆಯಿತು.

ಪದವಿಯ ಬಳಿಕ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಆ ವಾರ್ಡುಗಳೇ ಅವರ ಬಾಳಿನ ದಿಕ್ಕನ್ನು ತಿರುಗಿಸಿದವು. ಕ್ಷಯರೋಗಿಗಳೂ ನ್ಯುಮೋನಿಯ ಪೀಡಿತರೂ ಸಾಲುಸಾಲಾಗಿ ಸಾಯುತ್ತಿದ್ದರು. ವೈದ್ಯರ ಕೈಯಲ್ಲಿ ಔಷಧವಿರಲಿಲ್ಲ. ಕಣ್ಣೆದುರಿನ ಸಾವನ್ನು ನೋಡುತ್ತ ನಿಲ್ಲುವುದು ಲೋವಿಯವರಿಂದ ಆಗಲಿಲ್ಲ. ರೋಗಿಯ ಹಾಸಿಗೆಯನ್ನು ಬಿಟ್ಟು ಅವರು ಔಷಧ ವಿಜ್ಞಾನದ ಪ್ರಯೋಗಶಾಲೆಯನ್ನು ಸೇರಿದರು. ಇದನ್ನು ಪಲಾಯನವೆನ್ನುವವರಿದ್ದಾರು. ಮದ್ದಿಲ್ಲದ ಕಡೆ ಮದ್ದಿನ ಮೂಲವನ್ನು ಹುಡುಕಹೊರಟವನನ್ನು ಹಾಗೆನ್ನಲು ನನಗೆ ಮನಸ್ಸು ಬಾರದು.

ಮಾರ್ಬುರ್ಗಿನಲ್ಲಿ ಹಾನ್ಸ್ ಹೋರ್ಸ್ಟ್ ಮೇಯರ್ ಎಂಬ ಪಂಡಿತರ ಬಳಿ ಅವರ ಸಂಶೋಧನೆ ಮೊದಲಾಯಿತು. ಕಿಣ್ವಗಳೊಡನೆ ಅವರ ಸ್ನೇಹ ಬೆಳೆದದ್ದೂ ಅಲ್ಲಿಯೇ. ಜೀರ್ಣಕಾರಿ ಕಿಣ್ವಗಳಿಂದ ಪೂರ್ತಿಯಾಗಿ ಒಡೆದುಹೋದ ಪ್ರೋಟೀನಿನ ಚೂರುಗಳನ್ನೇ ನಾಯಿಗಳಿಗೆ ಉಣಿಸಿ, ದೇಹವು ಆ ಚೂರುಗಳಿಂದ ತನ್ನ ಪ್ರೋಟೀನನ್ನು ಮತ್ತೆ ಕಟ್ಟಿಕೊಳ್ಳಬಲ್ಲುದೆಂದು 1902ರಲ್ಲಿ ತೋರಿಸಿದರು. ಅದೇ ವರ್ಷ ಲಂಡನ್ನಿಗೆ ಹೋದಾಗ ಹೆನ್ರಿ ಡೇಲ್ ಎಂಬ ತರುಣ ವಿಜ್ಞಾನಿಯ ಪರಿಚಯವಾಯಿತು. ಆ ಗೆಳೆತನ ಕೊನೆಯವರೆಗೂ ಉಳಿಯಿತು. 1909ರಲ್ಲಿ ಲೋವಿಯವರು ಆಸ್ಟ್ರಿಯ ದೇಶದ ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ ಔಷಧ ವಿಜ್ಞಾನದ ಪ್ರಾಧ್ಯಾಪಕರಾದರು.

ಆ ಕಾಲದಲ್ಲಿ ವಿದ್ವಾಂಸರನ್ನು ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ನರದ ತುದಿಯಿಂದ ಹೃದಯಕ್ಕೋ ಕರುಳಿಗೋ ಸುದ್ದಿ ದಾಟುವುದು ಹೇಗೆ? ವಿದ್ಯುತ್ತು ನೇರವಾಗಿ ಹರಿಯುವುದೆಂದು ಬಹುಮಂದಿಯ ಮತ. ಯಾವುದೋ ರಾಸಾಯನಿಕ ದ್ರವ್ಯ ಸುದ್ದಿಯನ್ನು ಹೊತ್ತೊಯ್ಯಬಹುದೆಂಬ ಊಹೆ ಲೋವಿಯವರಿಗೆ 1903ರಲ್ಲಿಯೇ ಹೊಳೆದಿತ್ತು. ಆದರೆ ಪರೀಕ್ಷಿಸುವ ಉಪಾಯ ತೋಚದೆ ಅದು ಮರೆತೇಹೋಗಿತ್ತು.

ಸುಮಾರು ಹದಿನೇಳು ವರ್ಷಗಳ ಮೇಲೆ, ಈಸ್ಟರ್ ಹಬ್ಬದ ಸಮಯದ ಒಂದು ರಾತ್ರಿ, ಉಪಾಯವು ಕನಸಿನಲ್ಲಿ ಬಂತು. ಎದ್ದು ಚೀಟಿಯ ಮೇಲೆ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ತಿಳಿಯದು! ದಿನವೆಲ್ಲ ಪರದಾಡಿದರು. ಮರುದಿನ ರಾತ್ರಿ ಮೂರು ಗಂಟೆಗೆ ಅದೇ ಕನಸು ಮತ್ತೆ ಬಂದಾಗ ಚೀಟಿಯನ್ನು ನೆಚ್ಚದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದರು. ಮಿಡಿಯುತ್ತಿದ್ದ ಕಪ್ಪೆಯ ಹೃದಯವನ್ನು ಉಪ್ಪುನೀರಿನ ದ್ರಾವಣದಲ್ಲಿಟ್ಟು, ಅದರ ವೇಗಸ್ ನರವನ್ನು ಪ್ರಚೋದಿಸಿದರು. ಹೃದಯದ ಬಡಿತ ನಿಧಾನವಾಯಿತು. ಆ ದ್ರಾವಣವನ್ನು ತೆಗೆದು, ನರವಿಲ್ಲದ ಮತ್ತೊಂದು ಹೃದಯಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಹೃದಯದ ಬಡಿತವೂ ನಿಧಾನವಾಯಿತು. ನೀರಿನಲ್ಲಿ ದೂತನಿದ್ದನು!

1921ರಲ್ಲಿ ಫಲಿತಾಂಶ ಪ್ರಕಟವಾದಾಗ ಎಲ್ಲರೂ ನಂಬಲಿಲ್ಲ. ಕೆಲವರು ಇದೇ ಪ್ರಯೋಗವನ್ನು ಮಾಡಿ ಸೋತರು. ಕೊನೆಗೆ 1926ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲೋವಿಯವರು ಪಂಡಿತರೆದುರಿಗೇ ಅದನ್ನು ಮಾಡಿ ತೋರಿಸಿದರು. ಆ ದ್ರವ್ಯವೇ ಅಸಿಟೈಲ್‌ಕೋಲಿನ್ ಎಂಬುದು ಮುಂದೆ ಖಚಿತವಾಯಿತು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಕನಸಿನ ಕಥೆಯಲ್ಲ, ಅದರ ಮುಂದಿನ ಹೆಜ್ಜೆ. ಹೇಳಿದ ಮಾತು ಅಲ್ಲಿಗೇ ನಿಲ್ಲದಿದ್ದರೆ ಅದು ಗದ್ದಲವಾಗುತ್ತದೆ. ಹಾಗಾದರೆ ದೂತನನ್ನು ಸುಮ್ಮನಾಗಿಸುವವರಾರು? 1926ರಲ್ಲಿಯೇ ಲೋವಿಯವರು ನವ್ರಾಟಿಲ್ ಎಂಬ ಸಹೋದ್ಯೋಗಿಯೊಡನೆ ಇದಕ್ಕೆ ಉತ್ತರ ಕಂಡುಕೊಂಡರು. ಹೃದಯದ ಅಂಗಾಂಶದಲ್ಲಿಯೇ ಈ ದ್ರವ್ಯವನ್ನು ಒಡೆದುಹಾಕುವ ಕಿಣ್ವವಿದೆ. ಎಸರಿನ್ ಎಂಬ ಮದ್ದು ಆ ಕಿಣ್ವವನ್ನು ತಡೆಯುತ್ತದೆ. ಆಗ ದೂತನ ಕೆಲಸ ಹೆಚ್ಚು ಹೊತ್ತು ನಡೆಯುತ್ತದೆ. ಕೋಲಿನೆಸ್ಟರೇಸ್ ಗುಂಪಿಗೆ ಸೇರಿದ ಇಂತಹ ಕಿಣ್ವದ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ದೂತರನ್ನು ಒಡೆಯಬಲ್ಲುದು. ಶಸ್ತ್ರಚಿಕಿತ್ಸೆಯ ಬಳಿಕ ಚಲನೆ ನಿಂತ ಕರುಳನ್ನು ಎಬ್ಬಿಸಲು ವೈದ್ಯರು ಬಳಸಿದ ನಿಯೋಸ್ಟಿಗ್ಮಿನ್ ಔಷಧದ ಗುಟ್ಟೂ ಇದೇ.

1936ರಲ್ಲಿ ಲೋವಿ, ಡೇಲ್ ಇಬ್ಬರಿಗೂ ಸೇರಿ ನೊಬೆಲ್ ಪಾರಿತೋಷಕ ಬಂತು. ಸಂತೋಷ ಎರಡು ವರ್ಷವೂ ನಿಲ್ಲಲಿಲ್ಲ. 1938ರ ಮಾರ್ಚಿಯಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದ ರಾತ್ರಿಯೇ, ಅರುವತ್ತನಾಲ್ಕು ವಯಸ್ಸಿನ ಈ ವೃದ್ಧರನ್ನು ಹಾಸಿಗೆಯಿಂದೆಬ್ಬಿಸಿ ಸೆರೆಮನೆಗೆ ನೂಕಿದರು. ಇಬ್ಬರು ಮಕ್ಕಳೂ ಬಂಧಿತರಾದರು. ಕೊಲ್ಲುವರೆಂದೇ ಲೋವಿಯವರು ಎಣಿಸಿದ್ದರು. ಆ ಗಳಿಗೆಯಲ್ಲಿ ಅವರು ಬೇಡಿದ್ದು ಒಂದು ಅಂಚೆ ಕಾರ್ಡು. ತಮ್ಮ ಕೊನೆಯ ಪ್ರಯೋಗದ ಫಲಿತಾಂಶ ತಮ್ಮೊಡನೆ ಅಳಿಯಬಾರದೆಂದು ಅದನ್ನು ಕಾರ್ಡಿನಲ್ಲಿ ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸಿದ ಮೇಲೆಯೇ ಅವರಿಗೆ ಸಮಾಧಾನ. ಸುಮಾರು ಎರಡು ತಿಂಗಳಲ್ಲಿ ಬಿಡುಗಡೆಯಾಯಿತು. ದೇಶ ಬಿಡುವ ಮುನ್ನ ಸ್ವೀಡನ್ನಿನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನೂ ನಾಜಿಗಳ ವಶಕ್ಕೆ ಒಪ್ಪಿಸಬೇಕಾಯಿತು. ಬರಿಗೈಯಲ್ಲಿ ಇಂಗ್ಲೆಂಡ್, ಬೆಲ್ಜಿಯಂ ಸುತ್ತಿ, 1940ರಲ್ಲಿ ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆಸ್ಟ್ರಿಯದಲ್ಲಿ ತಡೆಹಿಡಿಯಲ್ಪಟ್ಟಿದ್ದ ಮಡದಿ ಬಂದು ಸೇರಿದ್ದು 1941ರಲ್ಲಿ. 1961ರ ಡಿಸೆಂಬರ್ 25ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಾಲವಾದರು.

ಇನ್ನು ಕರುಳಿನ ಮಾತು. ಲೋವಿಯವರು ನೆಲಸಿದ ಅದೇ ನ್ಯೂಯಾರ್ಕಿನಲ್ಲಿ 1932ರಲ್ಲಿ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಕರುಳಿನ ಒಂದು ಉರಿಯೂತವನ್ನು ವಿವರಿಸಿದ್ದರು. ಅದಕ್ಕೆ ಕ್ರೋನ್ ರೋಗವೆಂದೇ ಹೆಸರಾಯಿತು. ಹೊಟ್ಟೆನೋವು, ಭೇದಿ, ಕೃಶತೆಗಳಿಂದ ರೋಗಿಯನ್ನು ವರ್ಷಗಟ್ಟಲೆ ಕಾಡುವ ಇದಕ್ಕೂ ದೊಡ್ಡ ಕರುಳಿನ ಹುಣ್ಣಿನ ಉರಿಯೂತಕ್ಕೂ ಪೂರ್ಣ ಪರಿಹಾರ ನೀಡುವ ಔಷಧ ಇನ್ನೂ ಇಲ್ಲ. ಮೈಯನ್ನು ಕಾಯಬೇಕಾದ ರಕ್ಷಕ ಕಣಗಳು ತಮ್ಮ ಕರುಳನ್ನೇ ಸುಡತೊಡಗುವುದು ಈ ರೋಗಗಳ ಲಕ್ಷಣ. ಲೋವಿಯವರು ಕಪ್ಪೆಯಲ್ಲಿ ಪ್ರಚೋದಿಸಿದ ವೇಗಸ್ ನರವು ಮನುಷ್ಯನಲ್ಲಿ ಹೃದಯವನ್ನು ದಾಟಿ ಕರುಳಿನವರೆಗೂ ಇಳಿಯುತ್ತದೆ. ಈ ನರವನ್ನು ಪ್ರಚೋದಿಸಿದರೆ ಪ್ರಾಣಿಗಳಲ್ಲಿ ಉರಿಯೂತ ತಗ್ಗುತ್ತದೆಂದು ಕೆವಿನ್ ಟ್ರೇಸಿಯವರ ತಂಡ 2000ದಲ್ಲಿ ತೋರಿಸಿತು. ರಕ್ಷಕ ಕಣಗಳಿಗೂ ಅಸಿಟೈಲ್‌ಕೋಲಿನ್ ಸುದ್ದಿ ತಿಳಿಯುತ್ತದೆಂಬುದು ಹೀಗೆ ಬೆಳಕಿಗೆ ಬಂತು. ಕಿಣ್ವವನ್ನು ತಡೆದು ದೂತನ ಆಯುಸ್ಸನ್ನು ಹಿಗ್ಗಿಸುವ ಮದ್ದುಗಳನ್ನೂ ಪ್ರಾಣಿಗಳ ಕರುಳಿನ ಉರಿಯೂತದಲ್ಲಿ ಪರೀಕ್ಷಿಸಿದ್ದಾರೆ. ಫ್ರಾನ್ಸಿನ ಗ್ರನೋಬಲ್ ನಗರದಲ್ಲಿ ಏಳು ಮಂದಿ ಕ್ರೋನ್ ರೋಗಿಗಳಿಗೆ ಈ ನರದ ಪ್ರಚೋದನೆಯನ್ನು ನೀಡಿ 2016ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳಲ್ಲಿ ಐವರು ಸುಧಾರಿಸಿದರು. ಇಬ್ಬರಿಗೆ ರೋಗ ಹೆಚ್ಚಿ ನಡುವೆಯೇ ಬಿಡಬೇಕಾಯಿತು. ಏಳು ಮಂದಿಯಿಂದ ಸಿದ್ಧಾಂತವಾಗದು. ಆದರೂ ಇದೊಂದು ದಾರಿ.

ಔಷಧವಿಲ್ಲವೆಂದು ನೊಂದು ಲೋವಿಯವರು ರೋಗಿಯ ಹಾಸಿಗೆಯನ್ನು ಬಿಟ್ಟು ಹೋದರು. ಅವರು ತೀರಿಕೊಂಡು ಅರ್ಧಶತಮಾನ ಕಳೆದ ಮೇಲೆ, ಅವರ ದೂತನು ಅನ್ಯರ ಕೈಹಿಡಿದು ಅದೇ ಹಾಸಿಗೆಯ ಬಳಿಗೆ ಬಂದಿದ್ದಾನೆ. ಇಂದಿನ ನಮ್ಮ ಓದು ಯಾರ ನೋವಿಗೆ, ಯಾವ ಕಾಲಕ್ಕೆ ಒದಗೀತೆಂದು ಈಗಲೇ ಹೇಳಲಾಗದು. ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕುವುದಷ್ಟೇ ನಮ್ಮ ಪಾಲಿನ ಕೆಲಸವೆಂದು ನಾನು ತಿಳಿದಿದ್ದೇನೆ.